ಎಣ್ಣೆ ಹೊಂಡದ ಲೆಕ್ಕ

(ಸಿಂಗಾಪುರದಲ್ಲಿ ನಮ್ಮವರ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)

 

ಪಾಮ್ ಎಣ್ಣೆ ನಮಗೆ ಹೊಸತಲ್ಲ. ಪಣಂಬೂರು ಬಂದರಿಗೆ ಅದು ಹಡಗಿನಲ್ಲೇ ಬರುತ್ತದೆ. ಸಿಂಗಾಪುರದಲ್ಲಿ ಪಾಮ್ ತೋಟವೂ ಇಲ್ಲ, ಮಿಲ್ಲೂ ಇಲ್ಲ. ಆದರೆ ವಿಲ್ಮಾರ್, ಗೋಲ್ಡನ್ ಅಗ್ರಿಯಂಥ ದೊಡ್ಡ ಕಂಪೆನಿಗಳ ಮುಖ್ಯ ಕಚೇರಿ ಇಲ್ಲೇ ಉಂಟು. ಮಲೇಷ್ಯಾ, ಇಂಡೋನೇಷ್ಯಾದ ಮಿಲ್ಲುಗಳ ಎಣ್ಣೆ ಲೆಕ್ಕಪತ್ರವಾಗಿ ನಮ್ಮಂಥವರ ಮೇಜಿಗೆ ಬರುತ್ತದೆ. ಇವತ್ತು ಅದರಲ್ಲಿ ಒಂದು ಬಾಬ್ತಿನ ಬಗ್ಗೆ ಮಾತಾಡುವ: ಮಿಲ್ಲಿನ ಕೊಳಕು ನೀರಿನಿಂದ ತೆಗೆಯುವ ಎಣ್ಣೆ.

ಮಿಲ್ಲಿನಲ್ಲಿ ಹಣ್ಣಿನ ಗೊನೆಯನ್ನು ಹಬೆಯಲ್ಲಿ ಬೇಯಿಸಿ, ಹಣ್ಣು ಬಿಡಿಸಿ, ಹಿಂಡಿ ಎಣ್ಣೆ ತೆಗೆಯುತ್ತಾರೆ. ಬೇಯಿಸಿದ ನೀರು, ಎಣ್ಣೆ ತಿಳಿಗೊಳಿಸಿದ ಮೇಲೆ ಉಳಿದ ಕೆಸರು ನೀರು ಎಲ್ಲ ಸೇರಿ ಹೊರಗೆ ಬರುವಾಗ ಕಂದು ಬಣ್ಣ, ಹುಳಿ ಗುಣ, ಕೈ ಇಡಲಾಗದಷ್ಟು ಬಿಸಿ. ಅದರಲ್ಲಿ ಶೇ. 95ಕ್ಕಿಂತ ಹೆಚ್ಚು ನೀರೇ. ಎಣ್ಣೆ ಸುಮಾರು ಶೇ. 0.6ರಿಂದ 0.7. ಮೀನು ಸಾರಿನ ಮೇಲೆ ಎಣ್ಣೆ ತೇಲುವ ಹಾಗೆ ಸ್ವಲ್ಪ ತಾನಾಗಿ ಮೇಲೆ ಬರುತ್ತದೆ, ಅದನ್ನು ಹೊಂಡದಿಂದ ಕೆನೆ ತೆಗೆದ ಹಾಗೆ ತೆಗೆಯುತ್ತಾರೆ. ಕೆಸರಿಗೆ ಅಂಟಿಕೊಂಡದ್ದನ್ನು ಬೇರ್ಪಡಿಸಲು ವೇಗವಾಗಿ ತಿರುಗುವ ಯಂತ್ರ ಬೇಕು. ಹೀಗೆ ಸಿಕ್ಕಿದ ಎಣ್ಣೆ ಅಡುಗೆಗೆ ಆಗುವುದಿಲ್ಲ. ಇಂಧನಕ್ಕೆ, ಸಾಬೂನಿಗೆ ಆಗುತ್ತದೆ.

ಮೊದಲು ಇದನ್ನು ಕೇಳುವವರಿರಲಿಲ್ಲ. ಈಗ ಯುರೋಪು ಇದನ್ನು ತ್ಯಾಜ್ಯದ ಪಟ್ಟಿಗೆ ಸೇರಿಸಿ ಜೈವಿಕ ಇಂಧನಕ್ಕೆ ಪ್ರೋತ್ಸಾಹ ಕೊಡುತ್ತದೆ. ಇಲ್ಲಿಯ ತುವಾಸ್‌ನಲ್ಲಿ ನೆಸ್ಟೆ ಕಂಪೆನಿ ತ್ಯಾಜ್ಯ ಎಣ್ಣೆ, ಕೊಬ್ಬುಗಳಿಂದ ಡೀಸೆಲ್ ಮತ್ತು ವಿಮಾನದ ಇಂಧನ ಮಾಡುತ್ತದೆ. 2023ರಲ್ಲಿ ಆ ಸ್ಥಾವರ ದೊಡ್ಡದಾಯಿತು. ಕಸಕ್ಕೆ ಬೆಲೆ ಬಂತು. ಬೆಲೆ ಬಂದ ಕೂಡಲೇ ಕಳ್ಳ ಲೆಕ್ಕವೂ ಬಂತು ಎಂಬ ಸಂಶಯ ಎದ್ದಿತು: ಹೊಸ ಎಣ್ಣೆಗೇ ತ್ಯಾಜ್ಯದ ಚೀಟಿ ಅಂಟಿಸುತ್ತಾರೆ ಎಂದು. 2025ರ ಜನವರಿಯಲ್ಲಿ ಇಂಡೋನೇಷ್ಯಾ ಇದರ ರಫ್ತನ್ನು ಬಿಗಿಗೊಳಿಸಿತು.

ಇದನ್ನು ಹಿಡಿಯಲು ಪ್ರಯೋಗಾಲಯವೇ ಬೇಕೆಂದಿಲ್ಲ, ಗುಣಾಕಾರ ಸಾಕು. ಒಂದು ಮಿಲ್ಲು ದಿನಕ್ಕೆ 1,000 ಟನ್ ಗೊನೆ ಅರೆಯಿತು ಅಂತ ಇಟ್ಟುಕೊಳ್ಳಿ. ಕೊಳಕು ನೀರು ಸುಮಾರು 650 ಟನ್. ಅದರಲ್ಲಿ ಎಣ್ಣೆ ಸುಮಾರು 4 ಟನ್. ಅರ್ಧ ಸಿಕ್ಕಿದರೆ 2 ಟನ್. ಆ ಮಿಲ್ಲಿನ ಚೀಟಿಯಲ್ಲಿ ದಿನವೂ 10 ಟನ್ ಅಂತ ಬಂದರೆ, ಉಳಿದದ್ದು ಎಲ್ಲಿಂದ ಬಂತು? ಹಳೆ ಹೊಂಡದ ದಾಸ್ತಾನು ಅಂದರೆ ಅದಕ್ಕೂ ದಾಖಲೆ ಬೇಕಲ್ಲವಾ? ನಮ್ಮಲ್ಲಿ ತೂಕದ ಕಟ್ಟೆಯಲ್ಲಿ, ಗೋದಾಮಿನಲ್ಲಿ, ಟ್ಯಾಂಕರ್ ಬಳಿ ಕೆಲಸ ಮಾಡುವವರಿದ್ದಾರೆ. ತೂಕ ನೋಡದೆ ರುಜು ಹಾಕಬೇಡಿ. ಖಾಲಿ ಚೀಟಿಗಂತೂ ಬೇಡವೇ ಬೇಡ. ನಾಳೆ ತನಿಖೆ ಬಂದಾಗ ಮೊದಲು ಕರೆಯುವುದು ರುಜು ಇದ್ದವನನ್ನು.

ಇನ್ನೊಂದು ಚೀಟಿ ಉಂಟು, ಅದು ಇದಕ್ಕಿಂತ ದೊಡ್ಡದು. ಕೆಸರು ಕೊಳೆತಾಗ ಮೀಥೇನ್ ಬರುತ್ತದೆ, ಹೈಡ್ರೋಜನ್ ಸಲ್ಫೈಡ್ ಬರುತ್ತದೆ. ಮೊದಲಿಗೆ ಕೊಳೆತ ಮೊಟ್ಟೆಯ ವಾಸನೆ. ಅನಿಲ ಹೆಚ್ಚಾದರೆ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ವಾಸನೆ ಹೋಯಿತು, ಇನ್ನು ತೊಂದರೆ ಇಲ್ಲ ಅಂತ ಇಳಿದವ ಮತ್ತೆ ಮೇಲೆ ಬರುವುದಿಲ್ಲ. ಪಾಮ್ ಮಿಲ್ಲು ಮಾತ್ರ ಅಲ್ಲ: 2024ರ ಮೇ 23ರಂದು ಇದೇ ಸಿಂಗಾಪುರದ ಚೋವಾ ಚು ಕಾಂಗ್ ಜಲಶುದ್ಧೀಕರಣ ಘಟಕದಲ್ಲಿ ಟ್ಯಾಂಕ್ ಶುಚಿ ಮಾಡುವಾಗ ಈ ಅನಿಲ ಉಸಿರಾಡಿ ನಮ್ಮ ದೇಶದ ಕಾರ್ಮಿಕರೊಬ್ಬರು ತೀರಿಹೋದರು. ಅವರಿಗೆ ವಯಸ್ಸು 40.

ಮುಚ್ಚಿದ ಜಾಗಕ್ಕೆ ಇಳಿಯುವ ಮೊದಲು ಅನಿಲ ಪರೀಕ್ಷೆ ಮಾಡಬೇಕು, ಇಳಿಯಲು ಲಿಖಿತ ಅನುಮತಿ ಇರಬೇಕು, ಮೇಲೆ ಒಬ್ಬರು ಕಾವಲು ನಿಲ್ಲಬೇಕು. ಇದು ಇಲ್ಲಿಯ ಕಾನೂನು. ಮೀಟರ್ ಇಳಿಸದೆ ಅಂಕಿ ಬರೆದ ಅನುಮತಿ ಚೀಟಿಯೂ ಕಳ್ಳ ಲೆಕ್ಕವೇ. ಎಣ್ಣೆಯ ಕಳ್ಳ ಲೆಕ್ಕದಲ್ಲಿ ಹೋಗುವುದು ಹಣ, ಇದರಲ್ಲಿ ಹೋಗುವುದು ಒಂದು ಮನೆಯ ದುಡಿಯುವ ಕೈ. ಗೆಳೆಯ ಒಳಗೆ ಬಿದ್ದರೂ ಉಸಿರಾಟದ ಸಾಧನ ಇಲ್ಲದೆ ಹಿಂದೆಯೇ ಹಾರಬೇಡಿ, ಕೂಗಿ, 995ಕ್ಕೆ ಕರೆ ಮಾಡಿ.

ಊರಿಗೆ ಕಳಿಸುವ ದುಡ್ಡಿನ ಲೆಕ್ಕ ನಾವೆಲ್ಲ ಸರಿಯಾಗಿ ಇಡುತ್ತೇವೆ. ಹೊಂಡಕ್ಕೆ ಇಳಿಯುವಾಗಲೂ ಹಾಗೆಯೇ ಕೇಳುವ: ಮೀಟರ್ ಎಷ್ಟು ತೋರಿಸಿತು, ಯಾರು ನೋಡಿದರು, ಯಾವಾಗ ನೋಡಿದರು? ಉತ್ತರ ಸಿಗದಿದ್ದರೆ ಇಳಿಯುವುದು ಬೇಡ.