ಸೋತ ರಾತ್ರಿ ಕೋಚ್ ಎಲ್ಲಿದ್ದರು?

ಗೆದ್ದಾಗ ಟ್ರೋಫಿ ಪಕ್ಕ ನಿಲ್ಲೋಕೆ ಎಲ್ಲರೂ ಬರ್ತಾರೆ. ಸೋತಾಗ? ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸ್ತಾರೆ. ಹಾಗಾದ್ರೆ ಸೋಲಿನ ಹೊಣೆ ಯಾರದ್ದು? ಅಂಗಳದಲ್ಲಿ ಆಡಿದವರದ್ದಾ, ಹೊರಗೆ ನಿಂತು ಆಡಿಸಿದವರದ್ದಾ? ಈ ಪ್ರಶ್ನೆ ಹಿಡ್ಕೊಂಡು ಇವತ್ತು ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಅಂಗಳಕ್ಕೆ ಹೋಗೋಣ.

2018ರ ಮಾರ್ಚ್ 16, ಷಾರ್ಲೆಟ್ ನಗರ. ರಾಷ್ಟ್ರೀಯ ಟೂರ್ನಿಯ ಮೊದಲ ಸುತ್ತು. ಒಂದು ಕಡೆ ವರ್ಜೀನಿಯಾ ವಿಶ್ವವಿದ್ಯಾಲಯ. ಆ ವರ್ಷ 31 ಪಂದ್ಯ ಗೆದ್ದು, ಬರೀ ಎರಡು ಸೋತಿದ್ದ ತಂಡ. ಇಡೀ ಟೂರ್ನಿಗೇ ಮೊದಲ ಶ್ರೇಯಾಂಕ. ಇನ್ನೊಂದು ಕಡೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ತಂಡ. ಅದರದ್ದು 16ನೇ ಶ್ರೇಯಾಂಕ, ಅಂದ್ರೆ ಆ ಗುಂಪಿನಲ್ಲಿ ಕಟ್ಟಕಡೆಯದು. 1985ರಿಂದ ಪುರುಷರ ಟೂರ್ನಿಯಲ್ಲಿ ಒಂದನೇ ಶ್ರೇಯಾಂಕದವರೂ 16ನೇಯವರೂ 135 ಸಲ ಎದುರಾಗಿದ್ದರು. 135 ಸಲವೂ ಗೆದ್ದಿದ್ದು ದೊಡ್ಡವರೇ.

ಅವತ್ತು ಅರ್ಧ ಆಟ ಮುಗಿದಾಗ 21–21. ಕೊನೆಗೆ ಎಷ್ಟು ಗೊತ್ತಾ? 74–54. ವರ್ಜೀನಿಯಾ 20 ಅಂಕಗಳಿಂದ ಸೋತು ಹೋಯ್ತು!

ಕೋಚ್ ಹೆಸರು ಟೋನಿ ಬೆನೆಟ್. ಅವರ ಕೈಲಿ ಒಂದು ನೆಪ ಸಿದ್ಧವಾಗಿತ್ತು ನೋಡಿ. ಪ್ರಮುಖ ಆಟಗಾರ ಡಿಆಂಡ್ರೆ ಹಂಟರ್ ಟೂರ್ನಿಗೆ ಮುಂಚೆಯೇ ಮಣಿಕಟ್ಟು ಮುರಿದುಕೊಂಡು ಹೊರಗೆ ಕೂತಿದ್ದ. ಆದರೆ ಬೆನೆಟ್ ಆ ನೆಪದ ಹಿಂದೆ ಅಡಗಲಿಲ್ಲ. ಇಬ್ಬರು ಹುಡುಗರ ಜೊತೆ ಪತ್ರಕರ್ತರ ಮುಂದೆ ಬಂದು ಕೂತರು. ಎದುರಾಳಿಗಳು ನಮಗಿಂತ ಎಲ್ಲ ರೀತಿಯಲ್ಲೂ ಚೆನ್ನಾಗಿ ಆಡಿದರು ಅಂತ ಒಪ್ಪಿಕೊಂಡರು.

"ಬುಟ್ಟಿಗೆ ಚೆಂಡು ಹಾಕಬೇಕಾದವರು ಹುಡುಗರು. ಅವರು ಗುರಿ ತಪ್ಪಿದ್ರೆ ಕೋಚ್ ಏನ್ ಮಾಡೋಕಾಗುತ್ತೆ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಆ ಹುಡುಗರನ್ನ ಆರಿಸಿದ್ದು ಯಾರು? ಯಾರು ಎಷ್ಟು ಹೊತ್ತು ಆಡಬೇಕು, ಯಾವ ವೇಗದಲ್ಲಿ ಆಡಬೇಕು ಅಂತ ತೀರ್ಮಾನಿಸಿದ್ದು ಯಾರು? ಬೆನೆಟ್ ಅವರದ್ದು ನಿಧಾನದ, ರಕ್ಷಣೆಯ ಆಟ. ಆ ನಿಧಾನವೇ ಮುಳುವಾಯ್ತು ಅಂತ ಟೀಕಾಕಾರರು ಹೇಳಿದರು. ಆಟದ ಶೈಲಿ ಕೋಚ್‌ದಾದರೆ, ಅದರ ಸೋಲೂ ಕೋಚ್‌ದೇ ಅಲ್ವಾ?

ಇನ್ನೊಂದು ಮಾತು. ದುಡ್ಡಿನದ್ದು. ಆಗ ಹುಡುಗರಿಗೆ ಸಂಬಳ ಇರಲಿಲ್ಲ, ವಿದ್ಯಾರ್ಥಿವೇತನ ಮಾತ್ರ. ತಮ್ಮ ಹೆಸರಿನಿಂದ ಜಾಹೀರಾತಿನಲ್ಲಿ ಸಂಪಾದಿಸೋ ಅವಕಾಶ ಸಿಕ್ಕಿದ್ದೇ 2021ರಲ್ಲಿ. ದೊಡ್ಡ ತಂಡಗಳ ಕೋಚ್‌ಗಳಿಗೋ, ವರ್ಷಕ್ಕೆ ಹತ್ತಾರು ಲಕ್ಷ ಡಾಲರ್! ಸಂಬಳ ತಗೊಳ್ಳೋರು ದೊಡ್ಡವರು, ಬೈಸಿಕೊಳ್ಳೋರು ಹತ್ತೊಂಬತ್ತು ಇಪ್ಪತ್ತರ ಹುಡುಗರು. ಇದು ಯಾವ ನ್ಯಾಯ ಸ್ವಾಮಿ?

ಹಾಗಂತ ಗೆಲ್ಲಿಸಿಬಿಟ್ಟರೆ ಹೊಣೆ ಮುಗೀತಾ? ಅದೂ ಇಲ್ಲ. ಇಂಡಿಯಾನಾ ವಿಶ್ವವಿದ್ಯಾಲಯದ ಬಾಬ್ ನೈಟ್ ಮೂರು ರಾಷ್ಟ್ರೀಯ ಪ್ರಶಸ್ತಿ ಗೆಲ್ಲಿಸಿದ್ದರು. 1976ರಲ್ಲಂತೂ ಅವರ ತಂಡ ಆಡಿದ 32 ಪಂದ್ಯವನ್ನೂ ಗೆದ್ದಿತ್ತು. ಆದರೆ ಸಿಟ್ಟು? 1985ರಲ್ಲಿ ಪಂದ್ಯದ ನಡುವೆಯೇ ಅಂಗಳಕ್ಕೆ ಕುರ್ಚಿ ಎಸೆದಿದ್ದರು. ಅಭ್ಯಾಸದ ವೇಳೆ ಒಬ್ಬ ಆಟಗಾರನ ಕುತ್ತಿಗೆಗೆ ಕೈ ಹಾಕಿದ್ದ ವಿಡಿಯೊ 2000ದಲ್ಲಿ ಹೊರಬಂತು. ಅದೇ ವರ್ಷ ವಿಶ್ವವಿದ್ಯಾಲಯ ಅವರನ್ನು ಮನೆಗೆ ಕಳಿಸಿತು. ಕಾಲೇಜು ಕೋಚ್ ಕೈಗೆ ಅಪ್ಪ ಅಮ್ಮ ಒಪ್ಪಿಸಿರೋದು ಚೆಂಡನ್ನಲ್ಲ, ಮಕ್ಕಳನ್ನ.

ಮತ್ತೆ ವರ್ಜೀನಿಯಾಗೆ ಬನ್ನಿ. ಮರುವರ್ಷ, 2019. ಮೊದಲ ಸುತ್ತಿನಲ್ಲಿ ಮತ್ತೆ ಒಂದು 16ನೇ ಶ್ರೇಯಾಂಕದ ತಂಡ. ಅರ್ಧ ಆಟಕ್ಕೆ ವರ್ಜೀನಿಯಾ ಆರು ಅಂಕ ಹಿಂದೆ! ಹಳೇ ಭೂತ ಮತ್ತೆ ಬಂತು ಅಂದ್ಕೊಂಡರು ಜನ. ಹುಡುಗರು ಹೆದರಲಿಲ್ಲ, ಗೆದ್ದರು. ಸೆಮಿಫೈನಲ್‌ನಲ್ಲಿ ಎರಡು ಅಂಕ ಹಿಂದಿದ್ದಾಗ, 0.6 ಸೆಕೆಂಡ್ ಮಾತ್ರ ಉಳಿದಿದ್ದಾಗ, ಕೈಲ್ ಗೈ ಅನ್ನೋ ಹುಡುಗನಿಗೆ ಮೂರು ಫ್ರೀ ಥ್ರೋ ಸಿಕ್ಕಿತು. ಯಾರಿವನು? ಸೋತ ರಾತ್ರಿ ಕೋಚ್ ಜೊತೆ ಪತ್ರಕರ್ತರ ಮುಂದೆ ಕೂತಿದ್ದ ಇಬ್ಬರಲ್ಲಿ ಒಬ್ಬ. ಮೂರನ್ನೂ ಬುಟ್ಟಿಗೆ ಹಾಕಿದ. 63–62. ಏಪ್ರಿಲ್ 8ರ ಫೈನಲ್‌ನಲ್ಲಿ ಟೆಕ್ಸಸ್ ಟೆಕ್ ವಿರುದ್ಧ, ಹೆಚ್ಚುವರಿ ಸಮಯದಲ್ಲಿ, 85–77. ವರ್ಜೀನಿಯಾಗೆ ಮೊದಲ ರಾಷ್ಟ್ರೀಯ ಪ್ರಶಸ್ತಿ.

ಆಮೇಲೆ ವಿಶ್ವವಿದ್ಯಾಲಯ ಸಂಬಳ ಹೆಚ್ಚಿಸ್ತೀವಿ ಅಂದ್ರೆ ಬೆನೆಟ್ ಬೇಡ ಅಂದರು. ಆ ದುಡ್ಡನ್ನ ಸಹಾಯಕರಿಗೆ, ಕ್ರೀಡಾ ವಿಭಾಗಕ್ಕೆ ಕೊಡಿ ಅಂದರು. ಆಟಗಾರರ ಮುಂದಿನ ಬದುಕಿಗೆ ದಾರಿ ಮಾಡೋ ಕಾರ್ಯಕ್ರಮಕ್ಕೆ ಪತ್ನಿ ಜೊತೆ ಸೇರಿ ಐದು ಲಕ್ಷ ಡಾಲರ್ ಘೋಷಿಸಿದರು.

ಎಲ್ಲ ಸೋಲಿಗೂ ಇಂಥ ಮರುವರ್ಷ ಇರಲ್ಲ, ನಿಜ. ಬೆನೆಟ್ ಗೆಲ್ಲದೇ ಹೋಗಿದ್ದರೂ ಆ ರಾತ್ರಿ ಅವರು ಕೂತ ಜಾಗ ಸರಿಯಾದದ್ದೇ. ಸೋಲಿನಲ್ಲಿ ಹುಡುಗರ ಪಕ್ಕ ಕೂರೋದು, ಗೆಲುವಿನಲ್ಲಿ ಪಾಲು ಹಂಚೋದು. ಹೊಣೆ ಅಂದ್ರೆ ಇಷ್ಟೇ. ನಿಮ್ಮ ಕೈಕೆಳಗೆ ನಾಲ್ಕು ಜನ ಕೆಲಸ ಮಾಡ್ತಿದ್ರೆ, ಅವರು ಸೋತ ದಿನ ನೀವು ಎಲ್ಲಿದ್ದಿರಿ? ಒಮ್ಮೆ ಕೇಳಿಕೊಳ್ಳಿ.