ಬನ್ನಿ, ಟೀ ಅಂಗಡಿಗೆ ಹೋಗೋಣ



ಇವತ್ತು ನಾವು ಟೀ ಅಂಗಡಿ ಬಗ್ಗೆ ಮಾತಾಡೋಣ. ನಗಬೇಡಿ. ಇದು ಸಣ್ಣ ವಿಷಯ ಅಲ್ಲ.

ನಮ್ಮ ಪೀಣ್ಯ ನೋಡಿ. ಇಲ್ಲಿ ಕೈಗಾರಿಕಾ ಪ್ರದೇಶ ಹುಟ್ಟಿದ್ದು 1970ರ ದಶಕದಲ್ಲಿ. ಈಗ ಇಲ್ಲಿ ಸಾವಿರಾರು ಕಾರ್ಖಾನೆಗಳಿವೆ. 2014ರಲ್ಲಿ ಮೆಟ್ರೋ ರೈಲೂ ಬಂತು. ಲೇತ್ ಮೆಷಿನ್ ಇದೆ, ಗಾರ್ಮೆಂಟ್ಸ್ ಇದೆ. ಗಾರ್ಮೆಂಟ್ಸಿನಲ್ಲಿ ಹೊಲಿಯುವವರು ಯಾರು? ಹೆಚ್ಚಿನವರು ನಾವೇ, ಹೆಂಗಸರು.

ಕಾರ್ಖಾನೆ ಇದ್ದ ಕಡೆ ಟೀ ಅಂಗಡಿ ಇದ್ದೇ ಇರುತ್ತೆ. ಆದರೆ ಅಲ್ಲಿ ನಿಂತವರು ಯಾರು? ಹೆಚ್ಚಾಗಿ ಗಂಡಸರು. ನಾವು ತಲೆ ತಗ್ಗಿಸಿಕೊಂಡು ಮುಂದೆ ಹೋಗ್ತೀವಿ. ಬೆಳಗ್ಗೆ ಮನೆಗೆಲಸ ಮಾಡಿ, ಬಸ್ಸು ಹಿಡಿದು ಬಂದಿರ್ತೀವಿ. ಕಾಲು ನೋಯುತ್ತೆ, ಬಾಯಿ ಒಣಗುತ್ತೆ. ಆದರೂ ಅಂಗಡಿ ಮುಂದೆ ನಿಲ್ಲಲ್ಲ. ಯಾಕೆ? "ಜನ ಏನಂತಾರೋ" ಅನ್ನೋ ಭಯ.

ಈ ಭಯಕ್ಕೆ ಒಂದು ಉತ್ತರ ಇದೆ. ಅದು ನಮ್ಮ ಸಂವಿಧಾನದಲ್ಲಿದೆ. ಸಂವಿಧಾನ ಜಾರಿಗೆ ಬಂದದ್ದು 1950ರ ಜನವರಿ 26ರಂದು. ಅದರ 15ನೇ ವಿಧಿ ಏನು ಹೇಳುತ್ತೆ? ಧರ್ಮ, ಜಾತಿ, ಹೆಣ್ಣು-ಗಂಡು, ಹುಟ್ಟಿದ ಊರು ಇಂಥ ಕಾರಣ ಹೇಳಿ ಯಾರನ್ನೂ ಅಂಗಡಿಗೆ, ಹೋಟೆಲಿಗೆ ಬರಬೇಡಿ ಅನ್ನುವಂತಿಲ್ಲ. ಅಂಗಡಿ, ಹೋಟೆಲು ಅನ್ನೋ ಮಾತು ಅಲ್ಲೇ ಇದೆ. ನೋಡಿದ್ರಾ? ದೇಶದ ದೊಡ್ಡ ಕಾನೂನಿನಲ್ಲಿ ನಮ್ಮ ಟೀ ಅಂಗಡಿಗೂ ಜಾಗ ಇದೆ!

ಆ ಮಾತು ಯಾಕೆ ಬರೆದರು? ನಮಗೆಲ್ಲ ಗೊತ್ತಿರೋದೇ. ಹಳ್ಳಿಗಳ ಹೋಟೆಲಿನಲ್ಲಿ ದಲಿತರಿಗೆ ಬೇರೆ ಲೋಟ ಇಡುತ್ತಿದ್ದರು. ಹೊರಗೆ ಕೂರಿಸುತ್ತಿದ್ದರು. ಕುಡಿದ ಲೋಟ ಅವರೇ ತೊಳೆದಿಡಬೇಕಿತ್ತು. ಇದು ಅಪರಾಧ. 1955ರಲ್ಲೇ ಇದಕ್ಕೆ ಶಿಕ್ಷೆ ಕೊಡುವ ಕಾನೂನು ಬಂತು. ಇಂದಿಗೂ ಎಲ್ಲಾದರೂ ಹೀಗೆ ಮಾಡಿದರೆ ಪೊಲೀಸರಿಗೆ ದೂರು ಕೊಡಬಹುದು.

ನಮ್ಮ ಬೆಂಗಳೂರಿನಲ್ಲಿ ಇನ್ನೊಂದು ಥರ ಎರಡು ಲೋಟ ಇದೆ. ಅದು ಬೈಟು. ಒಂದು ಕಾಫಿ ತಗೊಂಡು ಇಬ್ಬರು ಹಂಚಿಕೊಳ್ಳೋದು. ಆ ಎರಡು ಲೋಟ ಜನರನ್ನ ಬೇರೆ ಮಾಡಿತು. ಈ ಎರಡು ಲೋಟ ಜೊತೆ ಮಾಡುತ್ತೆ. ನಮಗೆ ಯಾವುದು ಬೇಕು?

ಸರಿ, ಈಗ ಅಂಗಡಿಗೆ ಹೋಗೋಣ. ನಾಲ್ಕು ಜನ ಜೊತೆಯಾಗಿ ಹೋಗೋಣ. ಮೊದಲು ಬೋರ್ಡು ಓದೋಣ. ಈಗ ನಮಗೆ ಅಕ್ಷರ ಬರುತ್ತಲ್ಲ! ಬೋರ್ಡಿನಲ್ಲಿ ಹೀಗಿದೆ ಅಂದುಕೊಳ್ಳಿ:

ಕಾಫಿ – 20 ರೂಪಾಯಿ
ಬನ್ನು – 15 ರೂಪಾಯಿ

ಎರಡು ಕಾಫಿ ಬೈಟು ಮಾಡಿದರೆ 40 ರೂಪಾಯಿ. ಎರಡು ಬನ್ನಿಗೆ 30 ರೂಪಾಯಿ. ಒಟ್ಟು 70. ನೂರು ಕೊಟ್ಟರೆ ಚಿಲ್ಲರೆ ಎಷ್ಟು ಬರಬೇಕು? 30 ರೂಪಾಯಿ. ಎಣಿಸಿ ತಗೊಳ್ಳಿ. ಒಬ್ಬೊಬ್ಬರ ಪಾಲು ಹದಿನೇಳೂವರೆ ರೂಪಾಯಿ.

ಬಿಸ್ಕತ್ತು ಪೊಟ್ಟಣ ತಗೊಂಡರೆ ಅದರ ಮೇಲಿನ ಬೆಲೆ ಓದಿ. ತೆರಿಗೆ ಎಲ್ಲಾ ಅದರಲ್ಲೇ ಸೇರಿರುತ್ತೆ. ಅದಕ್ಕಿಂತ ಹೆಚ್ಚು ಕೊಡಬೇಕಿಲ್ಲ. ತಾರೀಖೂ ನೋಡಿ. ಫೋನಿನಲ್ಲಿ ದುಡ್ಡು ಕೊಟ್ಟರೆ ಹೆಸರು ಮತ್ತು ಮೊತ್ತ ಓದಿ, ಆಮೇಲೆ ಪಿನ್ ಒತ್ತಿ. ದುಡ್ಡು ಪಡೆಯೋಕೆ ಪಿನ್ ಬೇಡ. ಪಿನ್ ಕೇಳಿದರೆ ಅದು ಮೋಸ.

ಇನ್ನೊಂದು ಮಾತು. ನಮ್ಮಲ್ಲಿ ಬಹಳ ಹೆಂಗಸರಿಗೆ ರಕ್ತ ಕಡಿಮೆ. ಊಟದ ಜೊತೆಗೆ ಅಥವಾ ಊಟ ಆದ ತಕ್ಷಣ ಕಾಫಿ, ಟೀ ಕುಡಿದರೆ ಊಟದಲ್ಲಿರುವ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತಲ್ಲ. ಒಂದು ಗಂಟೆ ಬಿಟ್ಟು ಕುಡಿಯೋಣ. ತಿಂಡಿ ಬಿಟ್ಟು ಬರೀ ಟೀ ಕುಡಿದು ಹೊಟ್ಟೆ ಮುಚ್ಚೋದು ಬೇಡ.

ಯಾರಾದರೂ ಚುಡಾಯಿಸಿದರೆ? ಒಬ್ಬಳೇ ನುಂಗಿಕೊಂಡು ಬರಬೇಡಿ. ಜೊತೆಯವರಿಗೆ ಹೇಳಿ. ಅಂಗಡಿಯವರಿಗೂ ಹೇಳಿ. ಅಗತ್ಯ ಬಿದ್ದರೆ 112ಕ್ಕೆ ಫೋನ್ ಮಾಡಿ.

ಟೀ ಅಂಗಡಿಯಲ್ಲಿ ಟೀ ಮಾತ್ರ ಸಿಗಲ್ಲ, ಸುದ್ದಿಯೂ ಸಿಗುತ್ತೆ. ಎಲ್ಲಿ ಕೆಲಸ ಖಾಲಿ ಇದೆ, ಎಲ್ಲಿ ಸಂಬಳ ಎಷ್ಟು, ಎಲ್ಲಿ ಮನೆ ಬಾಡಿಗೆಗಿದೆ ಅಂತ ಗಂಡಸರು ಅಲ್ಲೇ ತಿಳಿದುಕೊಳ್ತಾರೆ. ನಾವು ದೂರ ನಿಂತರೆ ಆ ಸುದ್ದಿ ನಮಗೆ ತಲುಪೋದು ಯಾವಾಗ? ಅಲ್ಲಿ ಪೇಪರ್ ಇದ್ದರೆ ನಾವೂ ಕೈಗೆ ತಗೊಳ್ಳೋಣ. ದಪ್ಪ ಅಕ್ಷರವನ್ನಾದರೂ ಓದೋಣ.

ದುಡಿಯೋರು ನಾವು. ದುಡ್ಡು ನಮ್ಮದು. ದಣಿವೂ ನಮ್ಮದೇ. ಹತ್ತು ನಿಮಿಷ ಕೂತು ಒಂದು ಲೋಟ ಟೀ ಕುಡಿಯೋದು ತಪ್ಪಲ್ಲ.

ಈ ವಾರ ಜೊತೆಗೆ ಮೂರು ಜನರನ್ನ ಕರ್ಕೊಂಡು ಹೋಗಿ. ಬೋರ್ಡಿನಲ್ಲಿ ಓದಿದ ಐದು ಪದಗಳನ್ನ ಬರಕೊಂಡು ಬನ್ನಿ. ಮುಂದಿನ ಸಲ ಅವನ್ನ ಎಲ್ಲರೂ ಸೇರಿ ಓದೋಣ.