ಗಿರಾಕಿಯನ್ನ ಕರ್ಕೊಂಡು ಬಂದಿದ್ದು ಯಾರು?

ಇನ್‌ಸ್ಟಾದಲ್ಲಿ ನನಗೆ ಅತಿ ಹೆಚ್ಚು ಬರೋ ಮೆಸೇಜ್ ಒಂದೇ. "ಅಕ್ಕಾ, ಡಿಸೈನ್ ಕೆಲಸ ಆನ್‌ಲೈನಲ್ಲಿ ಮಾರಬೇಕು, ಕಮಿಷನ್ ಎಲ್ಲಿ ಕಡಿಮೆ?" ಡಿಸೈನ್ ಇರೋ ಜಾಗದಲ್ಲಿ ಕೆಲವರು ವಿಡಿಯೋ ಎಡಿಟಿಂಗ್ ಅಂತಾರೆ, ಕೆಲವರು ಅನುವಾದ ಅಂತಾರೆ. ಪ್ರಶ್ನೆ ಮಾತ್ರ ಅದೇ. ನಾನೂ ಇದೇ ಪ್ರಶ್ನೆ ಹಿಡ್ಕೊಂಡು ಶುರು ಮಾಡಿದವಳು. ಹಾಗಾಗಿ ಮೊದಲು ನನ್ನ ಕಥೆ ಹೇಳಿಬಿಡ್ತೀನಿ.

ನಮ್ಮೂರು ಶಿವಮೊಗ್ಗ. ಅಪ್ಪನದು ಸಣ್ಣ ಪ್ರಿಂಟಿಂಗ್ ಪ್ರೆಸ್. ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರ ಇಷ್ಟೇ ಕೆಲಸ. ಕೊರೊನಾ ಆದಮೇಲೆ ಐನೂರು ಪತ್ರಿಕೆ ಹೊಡೆಸ್ತಿದ್ದವರು ನೂರಕ್ಕೆ ಇಳಿದರು. ದೇವರ ಮುಂದೆ ಇಡೋಕೆ, ಹತ್ತಿರದ ನೆಂಟರಿಗೆ ಕೊಡೋಕೆ ಅಷ್ಟು ಸಾಕು, ಮಿಕ್ಕವರಿಗೆ ವಾಟ್ಸ್‌ಆ್ಯಪ್. ಸರಿ, ಆ ವಾಟ್ಸ್‌ಆ್ಯಪ್ ಪತ್ರಿಕೆಯನ್ನ ನಾನೇ ಮಾಡ್ತೀನಿ ಅಂತ ಕೂತೆ. ಜೊತೆಗೆ ಲೋಗೋ ಕೆಲಸ. ಒಂದು ದೊಡ್ಡ ಫ್ರೀಲ್ಯಾನ್ಸ್ ವೆಬ್‌ಸೈಟಲ್ಲಿ ಅಕೌಂಟ್ ತೆರೆದೆ. ಯಾವುದು ಅಂತ ಹೇಳಲ್ಲ, ಅದು ಇಲ್ಲಿ ಮುಖ್ಯವೂ ಅಲ್ಲ.

ಎರಡು ವರ್ಷದಲ್ಲಿ 140 ರಿವ್ಯೂ ಬಂತು. ರೇಟಿಂಗ್ ಏರಬೇಕು ಅನ್ನೋ ಹುಚ್ಚು ನೋಡಿ, ಬೆಂಗಳೂರಿನ ಪರಿಚಯದವರು, ದುಬೈನಲ್ಲಿರೋ ನನ್ನ ಅತ್ತೆ ಮಗಳ ಸ್ನೇಹಿತರು, ಯಾರೇ ಫೋನ್ ಮಾಡಿದರೂ "ಅಲ್ಲೇ ಆರ್ಡರ್ ಹಾಕಿ" ಅಂತಿದ್ದೆ. ಅವರೆಲ್ಲ ನನ್ನನ್ನೇ ಹುಡುಕ್ಕೊಂಡು ಬಂದವರು. ಆದರೂ ಅವರ ದುಡ್ಡಲ್ಲೂ ವೆಬ್‌ಸೈಟಿಗೆ ಕಮಿಷನ್ ಕಟ್ಟಿಸಿದೆ.

ಒಂದು ದಿನ ನನ್ನ ತಮ್ಮ, ಅವನೂ ವಿಡಿಯೋ ಎಡಿಟಿಂಗ್ ಮಾಡ್ತಾನೆ, ನನ್ನ ಲ್ಯಾಪ್‌ಟಾಪಲ್ಲೇ ಅದೇ ಸೈಟಲ್ಲಿ ಅವನ ಅಕೌಂಟ್ ತೆರೆದ. ಒಬ್ಬರೇ ಎರಡು ಅಕೌಂಟ್ ಮಾಡಿದ್ದಾರೆ ಅಂತ ಆ ಸಿಸ್ಟಮ್ ಲೆಕ್ಕ ಹಾಕಿತು. ಬೆಳಗ್ಗೆ ಎದ್ದು ನೋಡಿದರೆ ಎರಡೂ ಬಂದ್. ಒಳಗೆ ನನ್ನ 62,000 ರೂಪಾಯಿ ಇತ್ತು. 90 ದಿನ ಆದಮೇಲೆ ಕೊಡ್ತೀವಿ ಅಂದರು. ಆ ತಿಂಗಳು ಪ್ರೆಸ್‌ನ ಮಷಿನ್ ಸಾಲದ ಕಂತು ಅದರಲ್ಲೇ ಕಟ್ಟಬೇಕಿತ್ತು. ಅಮ್ಮನ ಬಳೆ ಅಡ ಇಟ್ಟು ಕಟ್ಟಿದ್ವಿ.

ನಿಯಮ ಓದಿರಲಿಲ್ಲ, ನನ್ನ ತಪ್ಪೂ ಇದೆ. ದುಡ್ಡು ಹೇಳಿದ ದಿನಕ್ಕೆ ಬಂತು. ಅಕೌಂಟ್ ಮಾತ್ರ ತೆರೀಲಿಲ್ಲ. 140 ರಿವ್ಯೂ ಅಲ್ಲೇ ಉಳೀತು, ಅದನ್ನ ಬೇರೆ ಕಡೆ ಹೊತ್ಕೊಂಡು ಹೋಗೋಕಾಗಲ್ಲ. ಅದಕ್ಕಿಂತ ಹೊಟ್ಟೆ ಉರಿದಿದ್ದು ಇನ್ನೊಂದಕ್ಕೆ. ಸೈಟಿಂದ ಬಂದ ಗಿರಾಕಿಗಳನ್ನ ಬಿಡಿ, ನನ್ನನ್ನ ಕೇಳ್ಕೊಂಡೇ ಬಂದಿದ್ದ ಎಷ್ಟೋ ಜನರ ಫೋನ್ ನಂಬರ್ ಕೂಡ ನಾನು ಬರೆದಿಟ್ಟಿರಲಿಲ್ಲ. ಎಲ್ಲಾ ಅಲ್ಲೇ ಇದೆಯಲ್ಲ ಅನ್ನೋ ಧೈರ್ಯ.

ಅಪ್ಪ ಆಗ ಅಡಿಕೆ ಮಂಡಿಯ ಮಾತು ತೆಗೆದರು. ನಮ್ಮ ಕಡೆ ಯಾವ ಮಾತು ಶುರು ಮಾಡಿದರೂ ಕೊನೆಗೆ ಅಡಿಕೆಗೇ ಬರುತ್ತೆ. "ಮಂಡಿಯವನಿಗೆ ಕಮಿಷನ್ ಕೊಡೋದು ಅವನು ವ್ಯಾಪಾರಿಯನ್ನ ತಂದು ನಿಲ್ಲಿಸ್ತಾನೆ ಅಂತ. ವ್ಯಾಪಾರಿ ನಮ್ಮನೆ ಅಂಗಳಕ್ಕೇ ಬಂದಿದ್ದಾನೆ, ನೀನು ಅವನನ್ನ ಕರ್ಕೊಂಡು ಹೋಗಿ ಮಂಡೀಲಿ ಕೂರಿಸಿದ್ಯಲ್ಲೇ ಮಾರಾಯ್ತಿ!"

ಆವತ್ತಿಂದ ನಾನು ಕಮಿಷನ್ ಎಷ್ಟು ಅಂತ ಮೊದಲು ನೋಡೋದು ಬಿಟ್ಟೆ. ಗಿರಾಕಿಯನ್ನ ಕರ್ಕೊಂಡು ಬರ್ತಿರೋದು ಯಾರು, ನಾನಾ, ಅವರಾ? ಮೊದಲು ಅದನ್ನ ನೋಡ್ತೀನಿ.

ತಮಾಷೆ ಅಂದ್ರೆ ಈ ಕಂಪನಿಗಳೇ ಈ ಲೆಕ್ಕವನ್ನ ಬಿಚ್ಚಿಟ್ಟಿವೆ. ಗಮ್‌ರೋಡ್ ನೋಡಿ. ಟೆಂಪ್ಲೇಟ್, ಇ-ಬುಕ್ ಥರದ ಡಿಜಿಟಲ್ ಸರಕು ಮಾರೋ ಜಾಗ ಅದು. ನೀವೇ ಲಿಂಕ್ ಕಳಿಸಿ ಮಾರಿದರೆ ಶೇ 10 ಮತ್ತು 50 ಸೆಂಟ್. ಅವರ ಡಿಸ್ಕವರ್ ಪುಟದಲ್ಲಿ ನೋಡಿ ಯಾರಾದರೂ ಕೊಂಡರೆ ಶೇ 30. ಯುಡೆಮಿಯಲ್ಲಿ ಕೋರ್ಸ್ ಹಾಕಿದವರಿಗೆ, ಅವರದೇ ಕೂಪನ್‌ನಿಂದ ವಿದ್ಯಾರ್ಥಿ ಬಂದರೆ ಶೇ 97 ಸಿಗುತ್ತೆ. ಯುಡೆಮಿಯೇ ಹುಡುಕಿ ಕೊಟ್ಟರೆ ಶೇ 37. ಎಟ್ಸಿಯಲ್ಲಿ ಮಾರಾಟಕ್ಕೆ ಶೇ 6.5 ಶುಲ್ಕ, ಆದರೆ ಅವರು ಹೊರಗಡೆ ಹಾಕಿದ ಜಾಹೀರಾತು ಒತ್ತಿ ಬಂದ ಗಿರಾಕಿ ಆದರೆ ಮೇಲೆ ಇನ್ನೂ ಶೇ 15. ಸಣ್ಣ ಅಂಗಡಿಯವರು ಆ ಜಾಹೀರಾತು ಬೇಡ ಅಂತ ಆಫ್ ಮಾಡ್ಕೋಬಹುದು.

ಅಂದ್ರೆ ದೊಡ್ಡ ಕಮಿಷನ್ ಅಂದ್ರೆ ಗಿರಾಕಿಯನ್ನ ಹುಡುಕಿಕೊಟ್ಟ ಕೂಲಿ. ಅವರು ಹುಡುಕಿದ್ದರೆ ಕೊಡಿ, ಗೊಣಗಬೇಡಿ. ಫೈವರ್‌ನಲ್ಲಿ ಶೇ 20 ಹೋಗುತ್ತೆ, 50 ಡಾಲರ್ ಕೆಲಸ ಮಾಡಿದರೆ ನಿಮಗೆ 40. ಅಮೆರಿಕದ ಒಂದು ಬೇಕರಿಯವರು ಶಿವಮೊಗ್ಗದ ಹುಡುಗಿ ಹತ್ತಿರ ಲೋಗೋ ಮಾಡಿಸ್ತಾರೆ ಅಂದ್ರೆ ಆ 10 ಡಾಲರ್ ದುಬಾರಿ ಅಂತ ನನಗನ್ನಿಸಲ್ಲ. ಅಪ್‌ವರ್ಕ್‌ನಲ್ಲಿ ಹೊಸ ಕಾಂಟ್ರಾಕ್ಟ್‌ಗಳಿಗೆ ಶೇ 0ಯಿಂದ 15ರ ತನಕ ಬೇರೆ ಬೇರೆ ದರ ಇದೆ. ಆದರೆ ಅಲ್ಲಿ ಕೆಲಸ ಕೇಳಿ ಅರ್ಜಿ ಹಾಕೋಕೇ ಕನೆಕ್ಟ್ಸ್ ಖರ್ಚಾಗುತ್ತೆ, ಅದನ್ನ ದುಡ್ಡು ಕೊಟ್ಟು ಕೊಳ್ಳಬೇಕಾಗಬಹುದು. ಕೆಲಸ ಸಿಗದಿದ್ದರೂ ಸಾಮಾನ್ಯವಾಗಿ ಅದು ಹೋದ ಹಾಗೆ. ಈ ದರ ಎಲ್ಲಾ ಬದಲಾಗ್ತಾ ಇರುತ್ತೆ, ಸೇರೋ ದಿನ ಅವರ ಪುಟವನ್ನೇ ತೆರೆದು ನೋಡಿ.

ಇಲ್ಲೊಂದು ಸಣ್ಣ ಲೆಕ್ಕ. ಗಮ್‌ರೋಡ್‌ನ ಆ 50 ಸೆಂಟ್ ಸಣ್ಣದು ಅನ್ನಿಸುತ್ತಲ್ವಾ? 5 ಡಾಲರ್‌ನ ಪತ್ರಿಕೆ ಟೆಂಪ್ಲೇಟ್ ಮಾರಿದರೆ ಈ ಶುಲ್ಕವೇ 1 ಡಾಲರ್ ಹೋಯ್ತು, ಅಂದ್ರೆ ಶೇ 20. ಅದೇ 30 ಡಾಲರ್‌ನ ಸೆಟ್ ಮಾಡಿ ಮಾರಿದರೆ ಈ ಶುಲ್ಕ ಮೂರೂವರೆ ಡಾಲರ್ ಮಾತ್ರ. ಹಾಗಾಗಿ ನಾನು ಬಿಡಿ ಟೆಂಪ್ಲೇಟ್ ಎಟ್ಸಿಯಲ್ಲಿ ಇಟ್ಟಿದ್ದೀನಿ. ಲಿಸ್ಟಿಂಗ್‌ಗೆ 20 ಸೆಂಟ್, ನಾಲ್ಕು ತಿಂಗಳು ಇರುತ್ತೆ. ಪೇಮೆಂಟ್ ಶುಲ್ಕ ಬೇರೆ. ಹೊರದೇಶದಲ್ಲಿರೋ ಕನ್ನಡದವರು ಲಗ್ನಪತ್ರಿಕೆ ಹುಡುಕ್ತಾ ಅಲ್ಲಿಗೆ ಬರ್ತಾರೆ. ಸೆಟ್‌ಗಳು ಗಮ್‌ರೋಡ್‌ನಲ್ಲಿವೆ, ಆ ಲಿಂಕನ್ನ ನಾನೇ ಹಂಚ್ತೀನಿ.

ಊರಿನ ಗಿರಾಕಿಗಳಿಗೆ ಯಾವ ವೇದಿಕೆಯೂ ಇಲ್ಲ. ಇನ್‌ಸ್ಟಾದಲ್ಲಿ ನೋಡ್ತಾರೆ, ವಾಟ್ಸ್‌ಆ್ಯಪ್ ಬಿಸಿನೆಸ್ ಕ್ಯಾಟಲಾಗ್‌ನಲ್ಲಿ ಆರಿಸ್ತಾರೆ, ಯುಪಿಐ ಮಾಡ್ತಾರೆ. ಕಮಿಷನ್ ಸೊನ್ನೆ. ಆದರೆ ರಕ್ಷಣೆಯೂ ಸೊನ್ನೆ! ಮೂರು ಸಲ ಟೋಪಿ ಹಾಕಿಸ್ಕೊಂಡಿದ್ದೀನಿ. ಕರಡು ಕಳಿಸಿದ ತಕ್ಷಣ ಅದರ ಸ್ಕ್ರೀನ್‌ಶಾಟನ್ನೇ ಎಲ್ಲರಿಗೂ ಹಂಚಿ ನನ್ನ ನಂಬರ್ ಬ್ಲಾಕ್ ಮಾಡಿದವರಿದ್ದಾರೆ. ಫ್ರೀಲ್ಯಾನ್ಸ್ ವೇದಿಕೆಯಲ್ಲಿ ಗಿರಾಕಿಯ ದುಡ್ಡು ಮೊದಲೇ ಕಟ್ಟಿಸ್ಕೊಂಡು ಇಟ್ಟಿರ್ತಾರೆ, ಅದಕ್ಕೂ ಒಂದು ಬೆಲೆ ಇದೆ. ಈಗ ನಾನು ಅರ್ಧ ಮುಂಗಡ ಬರದೆ ಕೆಲಸ ಮುಟ್ಟಲ್ಲ. ಕರಡಿನ ಮೇಲೆ ಅಡ್ಡಡ್ಡ ನನ್ನ ಹೆಸರಿರುತ್ತೆ.

ಒಂದು ಎಚ್ಚರಿಕೆ. ವೇದಿಕೆಯಲ್ಲಿ ಸಿಕ್ಕ ಗಿರಾಕಿಯನ್ನ "ವಾಟ್ಸ್‌ಆ್ಯಪ್‌ಗೆ ಬನ್ನಿ, ಕಮಿಷನ್ ಉಳಿಸೋಣ" ಅಂತ ಎಳೀಬೇಡಿ. ಅಪ್‌ವರ್ಕ್‌ನಲ್ಲಿ ಪರಿಚಯವಾದ ಗಿರಾಕಿಯ ಪೇಮೆಂಟ್ ಎರಡು ವರ್ಷ ಅಲ್ಲಿಂದಲೇ ಆಗಬೇಕು ಅಂತ ನಿಯಮ ಇದೆ. ಫೈವರ್‌ನಲ್ಲೂ ಹೊರಗೆ ದುಡ್ಡು ತಗೊಂಡರೆ ಅಕೌಂಟ್ ಹೋಗಬಹುದು. ಅವರು ತಂದ ಗಿರಾಕಿ ಅವರ ಲೆಕ್ಕಕ್ಕೆ, ನೀವು ತಂದ ಗಿರಾಕಿ ನಿಮ್ಮ ಲೆಕ್ಕಕ್ಕೆ. ಈ ನ್ಯಾಯ ಎರಡೂ ಕಡೆಗೆ.

ದುಡ್ಡು ಬರೋ ದಾರಿಯನ್ನ ಸೇರೋ ಮೊದಲೇ ನೋಡ್ಕೊಳ್ಳಿ. ಪೇಪಾಲ್ 2021ರ ಏಪ್ರಿಲ್‌ನಿಂದ ಭಾರತದ ಒಳಗಿನ ಪಾವತಿ ನಿಲ್ಲಿಸಿದೆ, ವಿದೇಶದಿಂದ ಬರೋದಕ್ಕೆ ಮಾತ್ರ. ವಿದೇಶಿ ಹಣ ಬಂದಾಗಲೆಲ್ಲ ಅದರ ರಶೀದಿ ಪತ್ರ ಡೌನ್‌ಲೋಡ್ ಮಾಡಿ ಇಟ್ಕೊಳ್ಳಿ, ಆದಾಯ ತೆರಿಗೆ ಲೆಕ್ಕಕ್ಕೆ ಬೇಕಾಗುತ್ತೆ. ಜಿಎಸ್‌ಟಿ ಅಂತ ಹೆದರೋರಿಗೆ ಒಂದು ಮಾತು, ನಮ್ಮ ಥರ ಸೇವೆ ಮಾರೋರ ವಹಿವಾಟು ವರ್ಷಕ್ಕೆ 20 ಲಕ್ಷ ದಾಟದಿದ್ದರೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ. ಸೀರೆ ಕುಚ್ಚು, ಉಪ್ಪಿನಕಾಯಿ ಥರದ ವಸ್ತುಗಳನ್ನ ಆನ್‌ಲೈನ್ ಮಾರುಕಟ್ಟೆಗಳಲ್ಲಿ ಬೇರೆ ರಾಜ್ಯಕ್ಕೆ ಮಾರೋರಿಗೆ ನಿಯಮ ಬೇರೆ, ಅವರು ಶುರು ಮಾಡೋ ಮೊದಲೇ ಒಬ್ಬ ಲೆಕ್ಕಪರಿಶೋಧಕರನ್ನ ಕೇಳಲೇಬೇಕು.

ಇಷ್ಟೆಲ್ಲ ಕಡೆ ಕೈ ಹಾಕ್ಕೊಂಡು ಸುಸ್ತಾಗಲ್ವಾ ಅಂತ ಕೇಳ್ತೀರಿ. ಆಗುತ್ತೆ. ಆದರೆ ಆಷಾಢ ಬಂತು ಅಂದ್ರೆ ನಮ್ಮಲ್ಲಿ ಮದುವೆ ಇಲ್ಲ, ವಾಟ್ಸ್‌ಆ್ಯಪ್ ಆರ್ಡರೂ ಇಲ್ಲ. ಪ್ರೆಸ್‌ನಲ್ಲಿ ಅಪ್ಪ ಪೇಪರ್ ಓದ್ತಾ ಕೂತಿರ್ತಾರೆ. ಅಮೆರಿಕದ ಬೇಕರಿಗೆ ಆಷಾಢ ಇಲ್ಲವಲ್ಲ, ಆ ತಿಂಗಳ ಕಂತು ಲೋಗೋ ದುಡ್ಡಲ್ಲಿ ಹೋಗುತ್ತೆ. ಶ್ರಾವಣ ಬಂದಮೇಲೆ ಮತ್ತೆ ಪತ್ರಿಕೆ. ಅಮ್ಮನ ಬಳೆ ಬಿಡಿಸ್ಕೊಂಡು ಬಂದಾಯ್ತು. ಗಿರಾಕಿಗಳ ನಂಬರ್‌ಗಳನ್ನ ಈಗ ಒಂದು ಪುಸ್ತಕದಲ್ಲಿ ಬರೆದಿಡ್ತೀನಿ, ಅಪ್ಪನ ಪ್ರೆಸ್‌ನಲ್ಲೇ ಹೊಡೆಸಿದ ಪುಸ್ತಕ. ತಮ್ಮನಿಗೆ ಮಾತ್ರ ನನ್ನ ಲ್ಯಾಪ್‌ಟಾಪ್ ಮುಟ್ಟೋ ಹಾಗಿಲ್ಲ.